ಎಲೆಕ್ಟ್ರಿಕ್ ಗಿಟಾರ್ ಅಂಗಡಿಗೆ ಹೋಗುವಾಗ ಆರಿಂಚಿನ ಸ್ಕೇಲು ಜೇಬಿನಲ್ಲಿರಲಿ

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆಂದರೆ ಹೆಚ್ಚಾಗಿ ಊರು ಬಿಟ್ಟೇ ಹೋಗಬೇಕು. ಕಾರವಾರ, ಅಂಕೋಲೆಯವರು ಕಾಳಿ ಸೇತುವೆ ದಾಟಿ ಮಡಗಾಂವಿಗೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ. ಶಿರಸಿಯಿಂದ ಹುಬ್ಬಳ್ಳಿ ಅಂದರೆ ಸುಮಾರು 100 ಕಿಲೋಮೀಟರ್. ಮನೆಗೆ ತಂದು, ಚೀಲ ಬಿಚ್ಚಿ, ರಾತ್ರಿ ನುಡಿಸಲು ಕುಳಿತಾಗ ಒಂಬತ್ತನೇ ಫ್ರೆಟ್ಟಿನಲ್ಲಿ (ಬೆರಳು ಒತ್ತುವ ಕಡೆಯ ಲೋಹದ ಅಡ್ಡಪಟ್ಟಿಯಲ್ಲಿ) ಸ್ವರ ಸತ್ತಿದೆ ಅಂತ ಗೊತ್ತಾದರೆ ಬದಲಾಯಿಸಿ ತರಲು ಇನ್ನೊಂದು ಇಡೀ ದಿನ ಬೇಕು. ಹಾಗಾಗಿ ಅಂಗಡಿಯಲ್ಲಿ ಕಳೆಯುವ ಆ ಒಂದೂವರೆ ತಾಸು ನಮಗೆ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ.

ಅಲ್ಲಿ ಹೋದವರು ಸಾಮಾನ್ಯವಾಗಿ ಮಾಡುವುದು ಏನು? ಬಣ್ಣ ನೋಡಿ ಒಂದನ್ನು ಇಳಿಸಿಕೊಳ್ಳುತ್ತಾರೆ, ಅಂಗಡಿಯವರು ದೊಡ್ಡ ಆಂಪ್ಲಿಫೈಯರಿಗೆ ಸಿಕ್ಕಿಸಿ ಸದ್ದನ್ನು ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಏರಿಸಿ ಕೊಡುತ್ತಾರೆ, ಎರಡು ಪವರ್ ಕಾರ್ಡ್ ಬಾರಿಸಿದ ಕೂಡಲೇ ಮನಸ್ಸು ಸೋತುಹೋಗುತ್ತದೆ. ಆದರೆ ಆ ಸದ್ದಿನಲ್ಲಿ ಗಿಟಾರಿನ ಪಾಲಿಗಿಂತ ಆಂಪಿನ ಪಾಲೇ ಜಾಸ್ತಿ. ಪರೀಕ್ಷೆ ಮಾಡುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ದೋಷ ಅಲೆನ್ ಕೀ, ಸ್ಕ್ರೂಡ್ರೈವರ್ ತಿರುಗಿಸಿದರೆ ಹೋಗುವಂಥದ್ದೋ, ಮರದಲ್ಲೇ ಕೂತಿರುವಂಥದ್ದೋ? ತಂತಿ ಎತ್ತರ ಇದೆ, ಶ್ರುತಿ ಸ್ವಲ್ಪ ಆಚೀಚೆ ಇದೆ, ತಂತಿಗೆ ತುಕ್ಕು ಹಿಡಿದಿದೆ. ಇವೆಲ್ಲ ಅರ್ಧ ತಾಸಿನ ಕೆಲಸ. ನೆಕ್ (ಗಿಟಾರಿನ ಉದ್ದನೆಯ ಕತ್ತು) ತಿರುಚಿಕೊಂಡಿದೆ, ಫ್ರೆಟ್ ಎದ್ದಿದೆ, ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಇರಬೇಕಾದ ಜಾಗದಲ್ಲಿಲ್ಲ. ಇವು ಇದ್ದರೆ ಎಷ್ಟು ಚೆಂದದ ಬಣ್ಣವಿದ್ದರೂ ಗೋಡೆಗೆ ವಾಪಸ್ ನೇತು ಹಾಕಿ.

ಜೊತೆಗೆ ಒಯ್ಯಬೇಕಾದ್ದು ಹೆಚ್ಚಿಲ್ಲ. ಮಿಲಿಮೀಟರ್ ಗೆರೆ ಸ್ಪಷ್ಟವಾಗಿರುವ ಆರಿಂಚಿನ ಸ್ಟೀಲ್ ಸ್ಕೇಲು, ಗಿಟಾರಿನ ತಲೆಗೆ ಕಚ್ಚಿಸುವ, ಶ್ರುತಿ ತೋರಿಸುವ ಟ್ಯೂನರ್, ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಒಂದು ಕ್ಯಾಪೊ, ನೀವು ದಿನಾ ಬಳಸುವ ಪಿಕ್, ಮೂರು ಮೀಟರಿನ ಒಳ್ಳೆಯ ಕೇಬಲ್, ಒಂದು ಹಳೇ ಎಟಿಎಂ ಕಾರ್ಡ್. ಕೇಬಲ್ ನಿಮ್ಮದೇ ಇರಬೇಕು. ಅಂಗಡಿಯ ಕೇಬಲ್ ದಿನವಿಡೀ ಕಾಲಡಿಗೆ ಸಿಕ್ಕಿ ಒಳಗೆ ಅರ್ಧ ತುಂಡಾಗಿರುತ್ತದೆ. ಅದರ ಕರಕರ ಸದ್ದನ್ನು ಗಿಟಾರಿನ ತಲೆಗೆ ಕಟ್ಟಿ ಒಳ್ಳೆಯದೊಂದನ್ನು ಬಿಟ್ಟು ಬರುವ ಸಾಧ್ಯತೆ ಇದೆ. ಭಾನುವಾರ ಸಂಜೆ ಹೋಗಬೇಡಿ. ವಾರದ ದಿನ ಬೆಳಿಗ್ಗೆ ಅಂಗಡಿ ಖಾಲಿ ಇರುತ್ತದೆ, ಕಿವಿಗೂ ಸುಸ್ತಾಗಿರುವುದಿಲ್ಲ.

ಮೊದಲ ಕೆಲಸ ಶ್ರುತಿ. ಗೋಡೆಯ ಮೇಲಿದ್ದ ಗಿಟಾರ್ ಶ್ರುತಿಯಲ್ಲಿರುವುದು ಅಪರೂಪ, ಮತ್ತು ಶ್ರುತಿ ಇಳಿದಿರುವಾಗ ತಂತಿಯ ಸೆಳೆತ ಕಡಿಮೆಯಾಗಿ ನೆಕ್ ಬೇರೆಯೇ ಆಕಾರದಲ್ಲಿ ನಿಂತಿರುತ್ತದೆ. ಆಗ ಅಳೆದ ಯಾವ ಅಳತೆಗೂ ಅರ್ಥವಿಲ್ಲ. ಹಾರ್ಮೋನಿಯಂ ಲೆಕ್ಕ ಬಲ್ಲವರಿಗೆ ಸುಲಭವಾಗಿ ಹೇಳುವುದಾದರೆ, ದಪ್ಪ ತಂತಿಯಿಂದ ಶುರುಮಾಡಿ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಕೊನೆಗೆ ಮತ್ತೆ ಬಿಳಿ ಮೂರು. ತಂತಿ ಕಂದುಗಟ್ಟಿದ್ದರೆ ಅಥವಾ ಬೆರಳು ಎಳೆದಾಗ ಒರಟೊರಟಾಗಿದ್ದರೆ ಹೊಸ ಸೆಟ್ ಹಾಕಿಕೊಡಲು ಕೇಳಿ. ಹೆಚ್ಚಿನ ಎಲೆಕ್ಟ್ರಿಕ್‌ಗಳಿಗೆ 9–42 ಅಥವಾ 10–46 ಅಳತೆಯ ಸೆಟ್ ಇರುತ್ತದೆ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಲೆಕ್ಕದಲ್ಲಿ). "ಸರ್, ತಗೊಳ್ಳೋದು ಖಾತ್ರಿಯಾದ್ರೆ ಈ ಸೆಟ್ಟಿನ ದುಡ್ಡು ಬಿಲ್ಲಿಗೆ ಸೇರಿಸಿ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಹಳೇ ತಂತಿಯ ಮೇಲೆ ಸ್ವರಶುದ್ಧಿ ಪರೀಕ್ಷಿಸುವುದು ವ್ಯರ್ಥ.

ಈಗ ಆಂಪ್ ಮುಟ್ಟದೆ ಗಿಟಾರನ್ನು ಎತ್ತಿಕೊಳ್ಳಿ. ಬಡಗಿ ಹಲಗೆಯ ಡೊಂಕು ನೋಡುವ ರೀತಿಯಲ್ಲೇ, ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ನೆಕ್ಕಿನ ಉದ್ದಕ್ಕೂ ನೋಟ ಹರಿಸಿ. ಕೈಯಿಂದ ನೆಕ್ಕನ್ನು ಒತ್ತಿ ಹಿಡಿಯಬಾರದು, ಒತ್ತಿದರೆ ಅದು ಬಾಗುತ್ತದೆ. ಬಾಡಿಯನ್ನು ತೊಡೆಯ ಮೇಲೋ ಕಾರ್ಪೆಟ್ಟಿನ ಮೇಲೋ ಊರಿ ತಲೆಯನ್ನು ಹಗುರಾಗಿ ಹಿಡಿದರೆ ಸಾಕು. ಮೊದಲು ದಪ್ಪ ತಂತಿಯ ಕಡೆಯ ಅಂಚು, ಆಮೇಲೆ ತೆಳು ತಂತಿಯ ಕಡೆಯ ಅಂಚು. ಬಿಗಿದ ತಂತಿ ಯಾವತ್ತೂ ನೇರ ಗೆರೆ, ಆದ್ದರಿಂದ ಅಂಚನ್ನು ಅದಕ್ಕೆ ಹೋಲಿಸಿ. ಮಧ್ಯದಲ್ಲಿ ತುಸು ತಗ್ಗು ಇದ್ದರೆ ಅದು ಸರಿಯೇ, ಇರಲೇಬೇಕು. ಎರಡೂ ಅಂಚಿನಲ್ಲಿ ತಗ್ಗು ಒಂದೇ ಸಮ ಇರಬೇಕು, ಅಷ್ಟೇ. ಒಂದು ಅಂಚು ತಗ್ಗಿ ಇನ್ನೊಂದು ಉಬ್ಬಿದ್ದರೆ ನೆಕ್ ತಿರುಚಿದೆ ಅಂತ. ಇನ್ನೊಂದು ಗುರುತು: ತಲೆಯ ಹತ್ತಿರದ ಮೊದಲ ಫ್ರೆಟ್ಟು ಮತ್ತು ಕೊನೆಯ ಫ್ರೆಟ್ಟು, ಎರಡನ್ನೂ ಒಂದೇ ನೋಟದಲ್ಲಿ ಹಿಡಿದಾಗ ಅವು ಸಮಾನಾಂತರವಾಗಿ ಕಾಣಬೇಕು. ಓರೆಯಾಗಿ ಕಂಡರೆ ಅಲ್ಲಿಗೇ ಬಿಡಿ. ತಿರುಚಿದ ನೆಕ್ ಸರಿಪಡಿಸುವ ಖರ್ಚಿಗೆ ಇನ್ನೊಂದು ಗಿಟಾರ್ ಬರುತ್ತದೆ.

ತಗ್ಗು ಎಷ್ಟಿದೆ ಅಂತ ಅಳೆಯಲು ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ, ನೆಕ್ ಬಾಡಿಗೆ ಸೇರುವ ಕಡೆ ದಪ್ಪ ತಂತಿಯನ್ನು ಒತ್ತಿ ಹಿಡಿದು, ಏಳು ಎಂಟನೇ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವಿನ ಸಂದು ನೋಡಿ. 0.2ರಿಂದ 0.3 ಮಿಲಿಮೀಟರ್ ಇದ್ದರೆ ಒಳ್ಳೆಯದು. ಸಾಮಾನ್ಯ ಝೆರಾಕ್ಸ್ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ, ಹಾಗಾಗಿ ಎರಡು ಮೂರು ಪದರ ಹಾಳೆ ನುಸುಳಿದರೆ ಲೆಕ್ಕ ಸರಿ. ತಂತಿ ಫ್ರೆಟ್ಟಿಗೆ ಅಂಟಿಕೊಂಡೇ ಇದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಒಂದು ಮಿಲಿಮೀಟರ್ ಸಂದಿದ್ದರೆ ಮುಂದಕ್ಕೆ ವಿಪರೀತ ಬಾಗಿದೆ. ಎರಡನ್ನೂ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ಸರಿಮಾಡಬಲ್ಲದು, ಆದರೆ ರಾಡ್ ಕೆಲಸ ಮಾಡುತ್ತಿರಬೇಕು. ಆದ್ದರಿಂದ ಅಂಗಡಿಯವರ ಕೈಯಲ್ಲೇ ಕಾಲು ಸುತ್ತು ತಿರುಗಿಸಿ ತೋರಿಸಲು ಹೇಳಿ. ಬಲಕ್ಕೆ ತಿರುಗಿಸಿದರೆ ಬಿಗಿಯಾಗಿ ತಗ್ಗು ಕಡಿಮೆಯಾಗುತ್ತದೆ, ಎಡಕ್ಕೆ ತಿರುಗಿಸಿದರೆ ಹೆಚ್ಚಾಗುತ್ತದೆ. ರಾಡ್ ತಿರುಗಿಸುವ ನಟ್ ಆಗಲೇ ಕೊನೆ ಮುಟ್ಟಿದ್ದರೆ, ಅಥವಾ ತಿರುಗಿಸಿದರೂ ಸಂದು ಬದಲಾಗದಿದ್ದರೆ ಆ ಗಿಟಾರ್ ಬೇಡ. ಕೇಳದೆ ನೀವೇ ತಿರುಗಿಸಲು ಹೋಗಬೇಡಿ, ಅದು ಅಂಗಡಿಯವರ ಮಾಲು.

ಈ ರಾಡ್ ವಿಚಾರದಲ್ಲಿ ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣ ನಮ್ಮ ಹವೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಜುಲೈನಲ್ಲಿ ಕಾರವಾರದ ಗಾಳಿಯಲ್ಲಿ ಶೇಕಡಾ 85ಕ್ಕೂ ಮೇಲೆ. ಮಳೆಗಾಲದಲ್ಲಿ ಮದ್ದಳೆಯ ಮುಚ್ಚಿಗೆ ಸಡಿಲಾಗುವುದು ಎಲ್ಲರಿಗೂ ಗೊತ್ತು. ನೆಕ್ಕಿನ ಮರವೂ ಹಾಗೇ ಮಳೆಗೊಂದು, ಬೇಸಿಗೆಗೊಂದು ಅಂತ ವರ್ಷಕ್ಕೆ ಎರಡು ಸಲವಾದರೂ ಜಾಗ ಬದಲಿಸುತ್ತದೆ. ಬದಲಿಸಿದಾಗಲೆಲ್ಲ ಹಿಂದಕ್ಕೆ ತರುವುದು ಆ ರಾಡ್ ಒಂದೇ.

ಇನ್ನು ಫ್ರೆಟ್ಟುಗಳು. ಆರು ತಂತಿ, ಇಪ್ಪತ್ತೆರಡು ಫ್ರೆಟ್ಟು, ಒಟ್ಟು 132 ಸ್ವರ. ಒಂದೊಂದನ್ನೂ ಒತ್ತಿ ಬಾರಿಸಿ, ಸ್ವರ ಪೂರ್ತಿ ಆರುವವರೆಗೆ ಕೇಳಿ. ಹತ್ತು ನಿಮಿಷ ಹಿಡಿಯಬಹುದು, ಅಂಗಡಿಯವರ ಮುಖ ನೋಡಬೇಡಿ. ತಂಬೂರಿಯಲ್ಲಿ ಜೀವಾಳ ಇಟ್ಟು ಬೇಕೆಂದೇ ಝೇಂಕಾರ ತರಿಸುತ್ತೇವಲ್ಲ, ಇಲ್ಲಿ ಅದೇ ಸದ್ದು ಬೇಡದ ಕಡೆ ಬರುತ್ತದೆ. ಎಲ್ಲಾ ತಂತಿಗಳಲ್ಲೂ ಮೊದಲ ನಾಲ್ಕೈದು ಫ್ರೆಟ್ಟಿನಲ್ಲಿ ಜರ್ ಅಂದರೆ ನೆಕ್ ನೇರವಾಗಿಬಿಟ್ಟಿದೆ, ರಾಡ್ ಸಡಿಲಿಸಿದರೆ ಹೋಗುತ್ತದೆ. ಎಲ್ಲಾ ಕಡೆ ಒಂದೇ ಸಮ ಜರ್ ಅಂದರೆ ತಂತಿ ತೀರಾ ಕೆಳಗಿದೆ, ಬ್ರಿಡ್ಜಿನಲ್ಲಿ ಎತ್ತಿಸಿ. ಒಂದೇ ಒಂದು ಫ್ರೆಟ್ಟಿನಲ್ಲಿ ಮಾತ್ರ ಸ್ವರ ಸತ್ತಂತಾಗುತ್ತದೆ, ಪಕ್ಕದ್ದೆಲ್ಲ ಸರಿ ಇದೆ ಅಂದರೆ ಅದರ ಮುಂದಿನ ಫ್ರೆಟ್ ಎತ್ತರವಾಗಿದೆ. ಆ ಜಾಗದಲ್ಲಿ ಎಟಿಎಂ ಕಾರ್ಡಿನ ಅಂಚನ್ನು ತಂತಿಗಳ ನಡುವೆ ಇಳಿಸಿ ಮೂರು ಫ್ರೆಟ್ಟುಗಳ ಮೇಲೆ ನಿಲ್ಲುವಂತೆ ಇಟ್ಟು ಅಲುಗಿಸಿ. ನಡುವಿನ ಫ್ರೆಟ್ ಎತ್ತರ ಇದ್ದರೆ ಕಾರ್ಡು ಕುಂಟು ಕುರ್ಚಿಯ ಹಾಗೆ ಟಕ್ ಟಕ್ ಅನ್ನುತ್ತದೆ. ಅದನ್ನು ಅರ ಹಾಕಿ ತಗ್ಗಿಸಬಹುದು, ಆದರೆ ಅದು ಫ್ರೆಟ್ ಕೆಲಸ ಬಲ್ಲವರು ಮಾಡಬೇಕಾದದ್ದು. ಹೊಸ ಗಿಟಾರಿಗೆ ಆ ಉಸಾಬರಿ ನಮಗೇಕೆ?

ಒಂದು ಮಾತು: ಆಂಪ್ ಇಲ್ಲದೆ ನುಡಿಸುವಾಗ ಸ್ವಲ್ಪ ಜರ್ ಕೇಳಿ, ಆಂಪಿನಲ್ಲಿ ಅದು ಕೇಳದಿದ್ದರೆ, ಸ್ವರ ಬೇಗ ಸಾಯುತ್ತಲೂ ಇಲ್ಲದಿದ್ದರೆ, ಅದನ್ನು ದೋಷ ಅಂತ ಎಣಿಸಬೇಕಿಲ್ಲ. ತಂತಿ ಕೆಳಗಿಟ್ಟ ಎಲೆಕ್ಟ್ರಿಕ್‌ನಲ್ಲಿ ಅಷ್ಟು ಸಹಜ.

ತಂತಿ ಎಳೆದು ಸ್ವರ ಏರಿಸುವ ಪರೀಕ್ಷೆ ಮರೆಯಬೇಡಿ. ಹನ್ನೆರಡರಿಂದ ಹದಿನೇಳನೇ ಫ್ರೆಟ್ಟಿನ ತನಕ ಅತಿ ತೆಳುವಾದ ಎರಡು ತಂತಿಗಳನ್ನು ಪೂರ್ತಿ ಒಂದು ಸ್ವರದಷ್ಟು, ಅಂದರೆ ಬಿಳಿ ಒಂದರಿಂದ ಬಿಳಿ ಎರಡಕ್ಕೆ ಹೋಗುವಷ್ಟು ಎಳೆದು ನಿಲ್ಲಿಸಿ. ನಡುವೆ ಸ್ವರ ಕಟ್ಟಿಹೋದರೆ ಎರಡು ಕಾರಣ ಇರಬಹುದು. ಫ್ರೆಟ್ ಎತ್ತರ ಇರಬಹುದು, ಇಲ್ಲವೇ ಫ್ರೆಟ್‌ಬೋರ್ಡಿನ (ಫ್ರೆಟ್ಟುಗಳು ಕೂತಿರುವ ಪಟ್ಟಿಯ) ಅಡ್ಡಗಲದ ಬಾಗು ಹೆಚ್ಚಿರಬಹುದು. ಹಳೇ ಫೆಂಡರ್ ಮಾದರಿಯ 7.25 ಇಂಚು ತ್ರಿಜ್ಯದ ಬಾಗಿನಲ್ಲಿ (ಅಂಕಿ ಚಿಕ್ಕದಾದಷ್ಟು ಬಾಗು ಹೆಚ್ಚು) ತಂತಿ ಕೆಳಗಿಟ್ಟರೆ ಹೀಗಾಗುವುದು ಅದರ ಸ್ವಭಾವ. 9.5 ಅಥವಾ 12 ಇಂಚಿನದರಲ್ಲಿ ಹಾಗಾಗಬಾರದು.

ಫ್ರೆಟ್ಟಿನ ತುದಿಗಳ ಮೇಲೆ ಅಂಗೈಯನ್ನು ನೆಕ್ಕಿನ ಉದ್ದಕ್ಕೆ ಎಳೆಯಿರಿ. ಗರಗಸದ ಹಾಗೆ ಚುಚ್ಚಿದರೆ ಎರಡು ಸಾಧ್ಯತೆ. ತಯಾರಿಯಲ್ಲೇ ತುದಿ ಉಜ್ಜಿಲ್ಲ, ಅಥವಾ ಎಸಿ ಅಂಗಡಿಯಲ್ಲೋ ಬಯಲುಸೀಮೆಯ ಬೇಸಿಗೆಯಲ್ಲೋ ಮರ ಒಣಗಿ ಕುಗ್ಗಿ ಲೋಹದ ತುದಿ ಹೊರಬಂದಿದೆ. ಎರಡನೆಯದಾದರೆ ಎಲ್ಲಾ ತುದಿಗಳೂ ಒಂದೇ ಸಮ ಕೂದಲೆಳೆಯಷ್ಟು ಹೊರಗಿರುತ್ತವೆ, ಕರಾವಳಿಗೆ ಬಂದ ಮೇಲೆ ಮರ ತೇವ ಹೀರಿ ಬಹುಮಟ್ಟಿಗೆ ಸರಿಹೋಗುತ್ತದೆ. ಅಲ್ಲೊಂದು ಇಲ್ಲೊಂದು ತುದಿ ಮಾತ್ರ ಚುಚ್ಚಿದರೆ ಅದು ಕೆಲಸದ ಅಸಡ್ಡೆ.

ಫ್ರೆಟ್‌ಬೋರ್ಡಿನ ಮರದ ಬಗ್ಗೆ ನಮ್ಮ ಕಡೆಯವರಿಗೆ ಖುಷಿ ಕೊಡುವ ಸಂಗತಿಯೊಂದಿದೆ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್ ನಿಯಂತ್ರಣಕ್ಕೆ ಬಂದು, ಬೀಟೆ ಇರುವ ಗಿಟಾರನ್ನು ಗಡಿ ದಾಟಿಸಲು ಕಾಗದಪತ್ರ ಬೇಕಾಯಿತು. ಕಂಪನಿಗಳು ಬೇರೆ ಮರ ಹುಡುಕಿದವು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಅಷ್ಟರಲ್ಲಿ ಕಡಿಮೆ ಬೆಲೆಯ ಗಿಟಾರುಗಳಲ್ಲಿ ಹೊಸ ಮರ ನೆಲೆಯೂರಿತ್ತು. ಫೆಂಡರಿನ ಕಡಿಮೆ ಬೆಲೆಯ ಬ್ರಾಂಡಾದ ಸ್ಕ್ವಯರ್ ಗಿಟಾರುಗಳ ವಿವರದಲ್ಲಿ 'ಇಂಡಿಯನ್ ಲಾರೆಲ್' ಅಂತ ಬರೆದಿರುತ್ತದಲ್ಲ, ಅದು ಬೇರೇನಲ್ಲ, ನಮ್ಮ ಯಲ್ಲಾಪುರ, ಶಿರಸಿ ಕಾಡಿನ ಮತ್ತಿ ಮರದ ಜಾತಿ. ಮೊಸಳೆಯ ಬೆನ್ನಿನಂಥ ತೊಗಟೆಯ ಅದೇ ಮತ್ತಿ. ಬೀಟೆಗಿಂತ ತಿಳಿ ಕಂದು, ಎಳೆ ಸ್ವಲ್ಪ ಒರಟು. ಅಂಗಡಿಯಲ್ಲಿ ಒಣಗಿ ಬಿಳಿಚಿಕೊಂಡಂತೆ ಕಂಡರೆ ಗಾಬರಿ ಬೇಡ, ಫ್ರೆಟ್‌ಬೋರ್ಡ್ ಎಣ್ಣೆ ಎರಡು ಹನಿ ಒರೆಸಿದರೆ ಬಣ್ಣ ಬರುತ್ತದೆ. ಬಿರುಕು ಇದ್ದರೆ ಮಾತ್ರ ಬೇಡ.

ನಟ್ ಅಂದರೆ ತಲೆಯ ಬುಡದಲ್ಲಿ ತಂತಿ ಕೂರುವ ಆ ಸಣ್ಣ ಬಿಳಿ ತುಂಡು. ಮೂರನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು ಮೊದಲ ಫ್ರೆಟ್ಟಿನ ಮೇಲೆ ಮೊಬೈಲ್ ಟಾರ್ಚ್ ಬಿಡಿ. ಕೂದಲೆಳೆಯಷ್ಟು ಬೆಳಕು ಕಾಣಬೇಕು. ಬೆಳಕೇ ಇಲ್ಲದಿದ್ದರೆ ಗಾಡಿ (ನಟ್ಟಿನಲ್ಲಿ ತಂತಿ ಕೂರುವ ಕಚ್ಚು) ಆಳ ಜಾಸ್ತಿ, ಖಾಲಿ ತಂತಿ ಜರ್ ಅನ್ನುತ್ತದೆ, ನಟ್ ಬದಲಿಸಬೇಕು. ಬೆಳಕು ಧಾರಾಳ ಇದ್ದರೆ ಗಾಡಿ ಮೇಲಿದೆ. ಹೊಸಬರು ಎಫ್ ಕಾರ್ಡ್ ಹಿಡಿಯಲಾಗದೆ ತಮ್ಮ ಬೆರಳನ್ನೇ ಬೈದುಕೊಳ್ಳುವುದು ಎಷ್ಟೋ ಸಲ ಇದರಿಂದಾಗಿ. ಅದನ್ನು ಸಣ್ಣ ಅರದಿಂದ ತಗ್ಗಿಸಬಹುದು. ಶ್ರುತಿ ಮಾಡುವಾಗ ಬಿರಡೆ ತಿರುಗಿಸಿದರೂ ಸ್ವರ ಏರದೆ, ಆಮೇಲೆ 'ಟಿಕ್' ಅಂತ ಒಮ್ಮೆಲೇ ಹಾರಿದರೆ ತಂತಿ ನಟ್ಟಿನ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸವನ್ನು ಗಾಡಿಗೆ ಉಜ್ಜಿದರೆ ಹೆಚ್ಚಾಗಿ ಸರಿಹೋಗುತ್ತದೆ. ಹೊಸಬರು ಇದನ್ನು ಬಿರಡೆಯ ದೋಷ ಅಂದುಕೊಳ್ಳುತ್ತಾರೆ.

ತಂತಿಯ ಎತ್ತರಕ್ಕೆ ಸ್ಕೇಲು ಬೇಕು. ಹನ್ನೆರಡನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ದಪ್ಪ ತಂತಿಗೆ 1.6ರಿಂದ 2 ಮಿಲಿಮೀಟರ್, ತೆಳು ತಂತಿಗೆ 1.2ರಿಂದ 1.6. ಇದಕ್ಕಿಂತ ಹೆಚ್ಚಿದ್ದರೆ ತಪ್ಪೇನಿಲ್ಲ, ತಗ್ಗಿಸಬಹುದು. ಇಲ್ಲಿ ನೋಡಬೇಕಾದ್ದು ಅಳತೆಗಿಂತ ಹೆಚ್ಚಾಗಿ ಬ್ರಿಡ್ಜಿನ ಮೇಲೆ ತಂತಿ ಕೂರುವ ಸಣ್ಣ ತುಂಡುಗಳಾದ ಸ್ಯಾಡಲ್‌ಗಳಲ್ಲಿ ಇನ್ನೂ ಜಾಗ ಉಳಿದಿದೆಯೇ ಅನ್ನುವುದನ್ನು. ಸ್ಯಾಡಲ್ ಆಗಲೇ ನೆಲಕ್ಕೆ ಕೂತಿದೆ, ಆದರೂ ತಂತಿ ಎರಡೂವರೆ ಮಿಲಿಮೀಟರ್ ಮೇಲಿದೆ ಅಂದರೆ ನೆಕ್ ಬಾಡಿಗೆ ಸೇರುವ ಕೋನವೇ ತಪ್ಪಿದೆ. ಬೋಲ್ಟ್ ಹಾಕಿದ ನೆಕ್ಕಾದರೆ ಬುಡಕ್ಕೆ ತೆಳು ತಗಡು ಕೊಟ್ಟು ಸರಿಮಾಡುವ ದಾರಿಯುಂಟು, ಅಂಟು ಹಾಕಿದ್ದಾದರೆ ಅದೂ ಇಲ್ಲ. ನೆಕ್ಕಿನ ಎರಡೂ ಬದಿಯಲ್ಲಿ, ಹೊರಗಿನ ತಂತಿಗಳಿಂದ ಫ್ರೆಟ್ಟಿನ ಅಂಚಿಗೆ ಇರುವ ಅಂತರ ಸಮ ಇದೆಯೇ ನೋಡಿ. ತೆಳು ತಂತಿ ಅಂಚಿಗೆ ಬಂದಿದ್ದರೆ ನುಡಿಸುವಾಗ ಜಾರಿ ಕೆಳಗೆ ಬೀಳುತ್ತಲೇ ಇರುತ್ತದೆ.

ಸ್ವರಶುದ್ಧಿಗೆ ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಬಾರಿಸಿದ ಹಾರ್ಮೋನಿಕ್ ಸ್ವರವನ್ನೂ ಅದೇ ಫ್ರೆಟ್ ಒತ್ತಿ ಬಾರಿಸಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸ್ಯಾಡಲ್ ಹಿಂದಕ್ಕೆ ಹೋಗಲು ಸ್ಕ್ರೂನಲ್ಲಿ ಜಾಗವೇ ಇಲ್ಲದಿದ್ದರೆ ಬ್ರಿಡ್ಜ್ ತಪ್ಪು ಜಾಗದಲ್ಲಿ ಕೂತಿದೆ, ಬಿಡಿ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯಲ್ಲಿ ದಪ್ಪ ತಂತಿಯ ಮೇಲಿನ ಫ್ರೆಟ್ಟುಗಳ ಸ್ವರ ಎರಡೆರಡಾಗಿ, ಬೇಸುರಾಗಿ ಕೇಳಿದರೆ ಸ್ಯಾಡಲ್ ತಿರುಗಿಸುವ ಮೊದಲು ಪಿಕಪ್ (ತಂತಿಯಡಿ ಇದ್ದು ಅದರ ಕಂಪನ ಹಿಡಿಯುವ ಭಾಗ) ನೋಡಿ. ಪಿಕಪ್ ತೀರಾ ಮೇಲಿದ್ದರೆ ಅದರ ಅಯಸ್ಕಾಂತವೇ ತಂತಿಯನ್ನು ಸೆಳೆದು ಹಾಗೆ ಮಾಡುತ್ತದೆ. ಎರಡು ಸುತ್ತು ತಗ್ಗಿಸಿದರೆ ಮಾಯ.

ತೂಗಾಡುವ ಫ್ಲಾಯ್ಡ್ ರೋಸ್ ಬ್ರಿಡ್ಜ್ ಇರುವ ಗಿಟಾರ್ ಮೊದಲ ಗಿಟಾರಾಗಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ತಂತಿಯ ಸೆಳೆತ ಒಂದು ಕಡೆ, ಸ್ಪ್ರಿಂಗಿನ ಸೆಳೆತ ಇನ್ನೊಂದು ಕಡೆ, ತಕ್ಕಡಿಯಂತೆ ನಿಂತಿರುತ್ತದೆ. ಒಂದು ತಂತಿ ಹರಿದರೆ ಉಳಿದ ಐದೂ ಶ್ರುತಿ ಬಿಡುತ್ತವೆ. ಆರ್ಕೆಸ್ಟ್ರಾ ನಡುವೆ ಹಾಗಾದರೆ ಸರಿಮಾಡಲು ಸಮಯವೇ ಇರುವುದಿಲ್ಲ. ಜೊತೆಗೆ ಅದರ ಸಣ್ಣ ಸ್ಕ್ರೂಗಳಿಗೆ ನಮ್ಮ ಉಪ್ಪುಗಾಳಿ ಶತ್ರು.

ಈಗ ನೆಲದ ಮೇಲೆ ಕೂರಿ. ಹೌದು, ಅಂಗಡಿಯಲ್ಲೇ. ನಮ್ಮ ಕಡೆ ಭಜನೆಗೆ, ಸುಗಮ ಸಂಗೀತಕ್ಕೆ ಸಾಥ್ ಕೊಡುವವರು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿಯೇ ನುಡಿಸಬೇಕು. ಕುರ್ಚಿಯ ಮೇಲೆ ಆರಾಮಾಗಿದ್ದ ಗಿಟಾರ್ ನೆಲದ ಮೇಲೆ ಬೇರೆಯೇ ಆಗಿಬಿಡುತ್ತದೆ. ಲೆಸ್ ಪಾಲ್, ಟೆಲಿಕಾಸ್ಟರ್ ಮಾದರಿಗಳಲ್ಲಿ ಜಾಕ್ ಕೆಳಗಿನ ಅಂಚಿನಲ್ಲಿದೆ, ನೇರ ಪ್ಲಗ್ ಹಾಕಿದರೆ ತೊಡೆಗೋ ನೆಲಕ್ಕೋ ಒತ್ತಿ ಬೆಸುಗೆ ಕೀಳುತ್ತದೆ. ಅಂಥದ್ದಕ್ಕೆ ಎಲ್ ಆಕಾರದ ಪ್ಲಗ್ ಬೇಕು. ಸ್ಟ್ರಾಟಿನ ಜಾಕ್ ಮುಖದ ಮೇಲೇ ಇರುವುದರಿಂದ ಆ ತಾಪತ್ರಯವಿಲ್ಲ. ವಿ ಆಕಾರದ ಬಾಡಿಗಳು ನೆಲದ ಮೇಲೆ ನಿಲ್ಲುವುದೇ ಇಲ್ಲ. ಆಮೇಲೆ ಬೆಲ್ಟ್ ಹಾಕಿ ಐದು ನಿಮಿಷ ನಿಂತು ನುಡಿಸಿ, ಎಡಗೈ ಬಿಡಿ. ತಲೆ ಕೆಳಕ್ಕೆ ಜಗ್ಗಿದರೆ ಎರಡು ತಾಸಿನ ಕಾರ್ಯಕ್ರಮದಲ್ಲಿ ಭುಜ ಹೋಗುತ್ತದೆ. ತೂಕ 3.5 ಕಿಲೋ ಆಸುಪಾಸು ಇದ್ದರೆ ಹಿತ. ಲೆಸ್ ಪಾಲ್ ಮಾದರಿ ಎಷ್ಟೋ ಸಲ 4 ಕಿಲೋ ದಾಟುತ್ತದೆ. ನಟ್ಟಿನಿಂದ ಬ್ರಿಡ್ಜಿಗೆ ಸ್ಟ್ರಾಟಿನಲ್ಲಿ 648 ಮಿಲಿಮೀಟರ್, ಲೆಸ್ ಪಾಲಿನಲ್ಲಿ ಸುಮಾರು 628. ಅದೇ ತಂತಿ ಚಿಕ್ಕ ಅಳತೆಯಲ್ಲಿ ಸಡಿಲವಾಗಿ ಬೆರಳಿಗೆ ಮೆತ್ತಗಿರುತ್ತದೆ.

ಇಷ್ಟಾದ ಮೇಲೆ ಆಂಪ್. ನೂರು ವ್ಯಾಟಿನದು ಬೇಡ, ಮನೆಯಲ್ಲಿ ಬಳಸುವಂಥ ಹತ್ತು ಹದಿನೈದು ವ್ಯಾಟಿನದು ಕೇಳಿ. ಬಾಸ್, ಮಿಡ್ಲ್, ಟ್ರೆಬಲ್ ಮೂರೂ ನಡುವಿಗೆ, ರಿವರ್ಬ್ ಸೊನ್ನೆ, ಗೇನ್ ಕಡಿಮೆ, ಕ್ಲೀನ್ ಚಾನೆಲ್. ಮಾತಾಡುವ ಧ್ವನಿಯಷ್ಟು ವಾಲ್ಯೂಮ್. ಎರಡು ಮೂರು ಗಿಟಾರ್ ಹೋಲಿಸುವಾಗ ಆಂಪ್ ಒಂದೇ ಇರಲಿ, ಸೆಟ್ಟಿಂಗ್ ಬದಲಿಸಬೇಡಿ, ಆದರೆ ಕಿವಿಗೆ ಸದ್ದಿನ ಮಟ್ಟ ಸಮ ಆಗುವಂತೆ ವಾಲ್ಯೂಮ್ ಮಾತ್ರ ಹೊಂದಿಸಿ. ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವುದು ಜೋರಾಗಿರುತ್ತದೆ, ಜೋರಾದದ್ದೇ ಚೆಂದ ಅಂತ ಕಿವಿ ಮೋಸಹೋಗುತ್ತದೆ. ಡಿಸ್ಟಾರ್ಷನ್ ಕೊನೆಯ ಐದು ನಿಮಿಷಕ್ಕೆ ಸಾಕು. ಆಗ ತಂತಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದರೂ ಪಿಕಪ್ ಕೀರಲು ದನಿಯಲ್ಲಿ ಕಿರುಚಿದರೆ ಒಳಗಿನ ತಾಮ್ರದ ಸುರುಳಿ ಸಡಿಲವಿದೆ.

ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಗುಂಯ್‌ಗುಟ್ಟುವುದು ಸಹಜ. ನಮ್ಮ ಕರೆಂಟಿನ 50 ಹರ್ಟ್ಝ್ ಮತ್ತು ಅದರ ಇಮ್ಮಡಿಗಳನ್ನು ಅದು ಆಂಟೆನಾದ ಹಾಗೆ ಹಿಡಿಯುತ್ತದೆ. ಗಿಟಾರ್ ಹಿಡಿದು ನಿಧಾನ ತೊಂಬತ್ತು ಡಿಗ್ರಿ ತಿರುಗಿ. ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ಕುಗ್ಗಿದರೆ ಅದು ಟ್ಯೂಬ್‌ಲೈಟ್ ಚೋಕಿನದೋ ಟ್ರಾನ್ಸ್‌ಫಾರ್ಮರಿನದೋ ಕಾಟ, ಗಿಟಾರಿನದಲ್ಲ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಒಳಗಿನ ಅರ್ಥಿಂಗ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ವೈರ್ ಬಿಟ್ಟಿದೆ ಅಥವಾ ಜಾಕಿನಲ್ಲಿ ಅದಲುಬದಲಾಗಿದೆ. ಚಿಕ್ಕ ಬೆಸುಗೆ ಕೆಲಸ, ಆದರೆ ಕೊಳ್ಳುವ ಮೊದಲು ಅಲ್ಲೇ ಮಾಡಿಸಿ.

ತಂತಿ ಮುಟ್ಟಿದಾಗ ಬೆರಳಿಗೆ ಜುಮ್ ಅಂದರೆ ಮಾತ್ರ ಕೂಡಲೇ ಕೆಳಗಿಡಿ. ಅದು ಆಂಪಿನ ಅಥವಾ ಕಟ್ಟಡದ ಅರ್ಥಿಂಗ್ ದೋಷ. ಮನೆಯಲ್ಲೂ ಈ ಎಚ್ಚರ ಬೇಕು. ಹಳೇ ಮನೆಗಳಲ್ಲಿ ಎರಡು ತೂತಿನ ಪ್ಲಗ್ಗಿಗೆ ಸಿಕ್ಕಿಸಲೆಂದು ಆಂಪಿನ ಮೂರನೇ ಪಿನ್ ಮುರಿಯುವವರಿದ್ದಾರೆ. ಮಳೆಗಾಲದ ಒದ್ದೆ ನೆಲ, ಬರಿಗಾಲು, ಕೈಯಲ್ಲಿ ಲೋಹದ ತಂತಿ, ಎದುರಿಗೆ ತುಟಿಗೆ ತಾಗುವ ಮೈಕ್. ಜೀವಕ್ಕೆ ಅಪಾಯ. ದಯವಿಟ್ಟು ಅರ್ಥಿಂಗ್ ಇರುವ ಪ್ಲಗ್ಗು, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ ಮೇಲೇ ನುಡಿಸಿ.

ಉಳಿದದ್ದು ಬೇಗ ಮುಗಿಯುತ್ತದೆ. ಪಿಕಪ್ ಆರಿಸುವ ಸ್ವಿಚ್ಚನ್ನು ಎಲ್ಲಾ ಸ್ಥಾನಗಳಿಗೂ ಹತ್ತು ಸಲ ಆಡಿಸಿ. ಪ್ರತಿ ಸ್ಥಾನದಲ್ಲೂ ಪಿಕಪ್ಪಿನ ಲೋಹವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದರೆ ಯಾವ ಪಿಕಪ್ ಬದುಕಿದೆ ಗೊತ್ತಾಗುತ್ತದೆ. ವಾಲ್ಯೂಮ್ ಗುಬ್ಬಿಯನ್ನು ಹತ್ತರಿಂದ ಸೊನ್ನೆಗೆ ನಿಧಾನ ತಿರುಗಿಸಿ. ಸದ್ದು ಸಮವಾಗಿ ಇಳಿಯಬೇಕು. ಕರಕರ ಅಂದರೆ ಧೂಳು ಅಥವಾ ಕಿಲುಬು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕಾಗಬಹುದು. ಜಾಕಿನಲ್ಲಿ ಪ್ಲಗ್ಗನ್ನು ಅಲುಗಿಸಿ. ಹೊರಗಿನ ನಟ್ ಸಡಿಲವಾಗಿ ಜಾಕ್ ಸುತ್ತುತ್ತಿದ್ದರೆ ಒಳಗೆ ವೈರ್ ಹುರಿಗೊಂಡು ಹರಿಯುತ್ತದೆ. ಕೆಲವು ಗಿಟಾರುಗಳಲ್ಲಿ, ಉದಾಹರಣೆಗೆ ಯಮಹಾ ಪೆಸಿಫಿಕಾ 112ವಿ ಯಲ್ಲಿ, ಟೋನ್ ಗುಬ್ಬಿಯನ್ನು ಮೇಲಕ್ಕೆ ಎಳೆದರೆ ಹಂಬಕರ್ ಅರ್ಧವಾಗಿ ಸಿಂಗಲ್ ಕಾಯಿಲ್‌ನಂತೆ ಕೆಲಸ ಮಾಡುತ್ತದೆ. ಅದನ್ನೂ ಎಳೆದು ನೋಡಿ.

ನಿಮಗೇ ಇನ್ನೂ ನುಡಿಸಲು ಬರುವುದಿಲ್ಲವಾದರೆ ಬಲ್ಲವರೊಬ್ಬರನ್ನು ಕರೆದೊಯ್ಯಿರಿ. ಅವರು ಮೂರು ಗಿಟಾರಿನಲ್ಲೂ ಒಂದೇ ನುಡಿ ನುಡಿಸಲಿ, ನೀವು ಬೆನ್ನು ತಿರುಗಿಸಿ ಕೇಳಿ. ಕಣ್ಣಿಗೆ ಬಣ್ಣ ಬೀಳದಿದ್ದಾಗ ಕಿವಿ ನಿಜ ಹೇಳುತ್ತದೆ. ಬೆರಳಿಗೆ ಹಿತವೇ ಅನ್ನುವುದನ್ನು ಮಾತ್ರ ನೀವೇ ಒತ್ತಿ ನೋಡಬೇಕು. ಮಾದರಿ ನಿಶ್ಚಯವಾದ ಮೇಲೆ ಅದೇ ಮಾದರಿಯ ಎರಡನೇ ಪೀಸ್ ಇದ್ದರೆ ಅದನ್ನೂ ಇಳಿಸಲು ಹೇಳಿ. ಒಂದೇ ಬೆಲೆಯ ಎರಡರಲ್ಲಿ ಫ್ರೆಟ್ ಕೆಲಸ, ತೂಕ ಬೇರೆಬೇರೆ ಇರುತ್ತದೆ. ಪರೀಕ್ಷೆ ಮಾಡಿದ್ದನ್ನೇ ಕೊಡಿ ಅನ್ನಿ, ಗೋಡೌನಿನಿಂದ ಸೀಲ್ ಬಿಚ್ಚದ ಡಬ್ಬ ತಂದರೆ ಮತ್ತೆ ಮೊದಲಿನಿಂದ ನೋಡಬೇಕು.

ಸಮುದ್ರದ ಹತ್ತಿರದ ಮನೆಯಿಂದ ಸೆಕೆಂಡ್‌ಹ್ಯಾಂಡ್ ಕೊಳ್ಳುವುದಾದರೆ ಇನ್ನೂ ಮೂರು ಕಡೆ ಟಾರ್ಚ್ ಬಿಡಿ. ಸ್ಯಾಡಲ್‌ನ ಸಣ್ಣ ಸ್ಕ್ರೂಗಳು ತುಕ್ಕು ಹಿಡಿದು ತಲೆ ಸವೆದಿದ್ದರೆ ಎತ್ತರ ಹೊಂದಿಸಲಾಗದು. ಟ್ರಸ್ ರಾಡಿನ ನಟ್ ತುಕ್ಕು ಹಿಡಿದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಬ್ಯಾಟರಿ ಪಿಕಪ್ ಇದ್ದರೆ 9 ವೋಲ್ಟಿನ ಡಬ್ಬಿ ತೆಗೆದು ನೋಡಿ, ಸೋರಿದ ಬ್ಯಾಟರಿ ವೈರ್ ತಿಂದಿರುತ್ತದೆ. ಫ್ರೆಟ್ಟಿನ ಮೇಲಿನ ಹಸಿರು ಕಿಲುಬು ಉಜ್ಜಿದರೆ ಹೋಗುತ್ತದೆ, ಆದರೆ ತಂತಿಯಡಿ ಗುಳಿ ಬಿದ್ದಿದ್ದರೆ ಫ್ರೆಟ್ ಸವೆದಿದೆ. ಹೊಸದರಲ್ಲೂ ಸ್ಟೇನ್‌ಲೆಸ್ ಫ್ರೆಟ್, ಮುಚ್ಚಿದ ಹಲ್ಲುಗಳ ಬಿರಡೆ ಸಿಕ್ಕರೆ ನಮ್ಮ ಹವೆಗೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಕೈಯಲ್ಲಿರುವ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಮೂರರಲ್ಲಿ ಒಂದು ಪಾಲು ಆಂಪ್, ಕೇಬಲ್, ಚೀಲ, ಎರಡು ಸೆಟ್ ತಂತಿಗೆ ಉಳಿಸಿ. ಚೌಕಾಸಿಯಲ್ಲಿ ಐನೂರು ರೂಪಾಯಿ ಇಳಿಸುವುದಕ್ಕಿಂತ "ಎತ್ತರ, ಸ್ವರಶುದ್ಧಿ ಎರಡೂ ಹೊಂದಿಸಿ ಕೊಡಿ, ಮೂರು ತಿಂಗಳೊಳಗೆ ಇನ್ನೊಂದು ಸಲ ನೋಡಿಕೊಡಿ" ಅಂತ ಒಪ್ಪಿಸುವುದು ಲಾಭ. ಅದನ್ನು ಬಿಲ್ಲಿನ ಹಿಂದೆಯೇ ಬರೆಸಿ, ತಲೆಯ ಹಿಂದಿರುವ ಸೀರಿಯಲ್ ನಂಬರ್ ಬಿಲ್ಲಿನಲ್ಲೂ ವಾರಂಟಿ ಕಾರ್ಡಿನಲ್ಲೂ ಒಂದೇ ಇದೆಯೇ ನೋಡಿ. ಬ್ರಿಡ್ಜಿಗೆ, ರಾಡಿಗೆ ಹೊಂದುವ ಅಲೆನ್ ಕೀಗಳನ್ನು ಕೇಳಿ ಪಡೆಯಿರಿ. ಡಬ್ಬದಲ್ಲಿ ಬಂದಿರುತ್ತವೆ, ಎಷ್ಟೋ ಸಲ ಅಂಗಡಿಯ ಡ್ರಾವರಿನಲ್ಲೇ ಉಳಿದುಬಿಡುತ್ತವೆ.

ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ, ಎಂಜಿನ್ ಕಾವು ಬೇರೆ, ಮೇಲೆ ಬೀಳುವ ಮೂಟೆ ಬೇರೆ. ಕಾಲ ಸಂದಿಯಲ್ಲಿ ತಲೆ ಮೇಲಾಗಿ ನಿಲ್ಲಿಸಿಕೊಳ್ಳಿ. ಎಸಿ ಅಂಗಡಿಯಿಂದ ಮಳೆಗಾಳಿಗೆ ತಂದದ್ದನ್ನು ಮನೆಯಲ್ಲಿ ಎರಡು ತಾಸು ಚೀಲದೊಳಗೇ ಬಿಟ್ಟು ಆಮೇಲೆ ಬಿಚ್ಚಿ, ಇಲ್ಲದಿದ್ದರೆ ತಣ್ಣನೆಯ ಲೋಹದ ಮೇಲೆ ನೀರು ಕೂರುತ್ತದೆ. ಮಳೆ ಹೊಡೆಯುವ ಚಿರೆಕಲ್ಲಿನ ಗೋಡೆಗೆ ನೇತು ಹಾಕಬೇಡಿ, ಒಳಗೋಡೆಯ ಕಪಾಟಿನಲ್ಲಿ ಚೀಲದ ಜೊತೆ 50 ಗ್ರಾಮಿನ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ಮತ್ತೆ ತೇವ ಹೀರುತ್ತದೆ. ಆ ಬಾಣಲೆ ಮಾತ್ರ ಅಡುಗೆಗೆ ಬಳಸಬೇಡಿ. ನುಡಿಸಿ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಅಡಿಯಲ್ಲೂ ಒರೆಸಿ, ತುಕ್ಕು ಮೊದಲು ಹಿಡಿಯುವುದು ಮೂರು ತೆಳು ತಂತಿಗಳಿಗೆ. ಹದಿನೈದು ದಿನ ಕಳೆದ ಮೇಲೆ ಕ್ಯಾಪೊ ಹಾಕಿ ಏಳನೇ ಫ್ರೆಟ್ಟಿನ ಸಂದನ್ನು ಮತ್ತೆ ಹಾಳೆಯಿಂದ ಅಳೆಯಿರಿ. ಬದಲಾಗಿದ್ದರೆ ರಾಡನ್ನು ಎಂಟನೇ ಒಂದು ಸುತ್ತು ತಿರುಗಿಸಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಅಳೆದು ನೋಡಿ.